ನೌಕರಿಯ ಇಂಗ್ಲಿಷ್: ಸಹಿ ಹಾಕುವ ಮುನ್ನ ತಿಳಿಯಬೇಕಾದ ಮಾತುಗಳು

ಜುಮಾ ಖುತ್ಬಾ ಸಾರಾಂಶ – ರಾಮಗಿರಿ, ಹೊಳಲ್ಕೆರೆ ತಾಲ್ಲೂಕು



ಈ ತಿಂಗಳ ಎರಡು ಜುಮಾಗಳಲ್ಲಿ ಹಲಾಲ್ ಸಂಪಾದನೆಯ ಬಗ್ಗೆ ಮಾತನಾಡಿದೆ. ಎರಡನೆಯ ಜುಮಾದಲ್ಲಿ ನೌಕರಿಯ ಕಾಗದಗಳಲ್ಲಿ ಬರುವ ಕೆಲವು ಇಂಗ್ಲಿಷ್ ಪದಗಳನ್ನು ಮಿಂಬರಿನ ಮೇಲಿಂದಲೇ ಬಿಡಿಸಿ ಹೇಳಿದ್ದು ಕೆಲವು ಹಿರಿಯರಿಗೆ ಆಶ್ಚರ್ಯವಾಯಿತು. "ಖುತ್ಬಾದಲ್ಲಿ ಸಿಟಿಸಿ, ಪಿಎಫ್ ಯಾಕೆ ಹಜ್ರತ್?" ಎಂದು ನಮಾಝ್ ಮುಗಿದ ಮೇಲೆ ಒಬ್ಬರು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಆ ಉತ್ತರ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತದೆ.

ನಾನು ಮಾಡಿದ ತಪ್ಪು

ಎರಡು ವರ್ಷಗಳ ಹಿಂದೆ ನಮ್ಮ ಜಮಾಅತಿನ ಒಬ್ಬ ತಂದೆ ಮಗ್ರಿಬ್ ನಂತರ ನಾಲ್ಕು ಹಾಳೆಯ ಕಾಗದ ತಂದು ನನ್ನ ಮುಂದಿಟ್ಟರು. ಐಟಿಐ ಮುಗಿಸಿದ ಅವರ ಮಗನಿಗೆ ಬೆಂಗಳೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. "ನೀವು ಬಿಎ ಓದಿದವರು. ಸಂಬಳ ಎಷ್ಟು ಅಂತ ನೋಡಿ ಹೇಳಿ ಹಜ್ರತ್" ಎಂದರು. ಕಾಗದದಲ್ಲಿ ಸಿಟಿಸಿ 2,40,000 ರೂಪಾಯಿ ಎಂದಿತ್ತು. ನಾನು ಅದನ್ನು ಹನ್ನೆರಡರಿಂದ ಭಾಗಿಸಿ, "ತಿಂಗಳಿಗೆ 20,000 ಬರುತ್ತೆ, ಮಾಷಾ ಅಲ್ಲಾಹ್" ಎಂದುಬಿಟ್ಟೆ.

ಆ ಮಾತನ್ನು ನಂಬಿ ಅವರು ಮಗಳ ನಿಕಾಹ್‌ಗೆ ಕೈಸಾಲ ಮಾಡಿದರು. ತಿಂಗಳಿಗೆ 5,000 ತೀರಿಸುವ ಮಾತಾಯಿತು. ಹುಡುಗನ ಖಾತೆಗೆ ಬಂದ ಮೊದಲ ಪೂರ್ತಿ ತಿಂಗಳ ಸಂಬಳ 14,884 ರೂಪಾಯಿ. ರೂಮಿನ ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದರೆ ಊರಿಗೆ ಕಳಿಸಲು ಅವನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ವಯಸ್ಸಾದ ತಂದೆ ಅಡಿಕೆ ಸುಲಿಯುವ ಕೂಲಿಗೆ ಹೋಗಿ ಕಂತು ಕಟ್ಟಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕಂಪನಿ ಸುಳ್ಳು ಬರೆದಿರಲಿಲ್ಲ. ಗೊತ್ತಿಲ್ಲದ ಪದಕ್ಕೆ ಗೊತ್ತಿರುವವನಂತೆ ಅರ್ಥ ಹೇಳಿದವನು ನಾನು.

ಯಾರಲ್ಲಿ ಸಲಹೆ ಕೇಳಲಾಗುತ್ತದೋ ಅವನು ಅಮಾನತ್ ಹೊತ್ತವನು ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆ ಹದೀಸನ್ನು ಮದ್ರಸಾದಲ್ಲಿ ಓದಿದವನು ನಾನು, ಆದರೆ ಅದರ ಭಾರ ಅರಿವಾದದ್ದು ಅಂದು. ಆಮೇಲೆ ಈ ಕಾಗದಗಳನ್ನು ಓದಲು ಕೂತು ಕಲಿತೆ. ಕಲಿತದ್ದರಲ್ಲಿ ಮನೆಮನೆಗೂ ಬೇಕಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಭಾಷೆ ಕಲಿಯುವುದು ದೀನಿಗೆ ಹೊರತಲ್ಲ

ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದ ಮೇಲೆ ಬೇರೆ ಜನಾಂಗದವರಿಂದ ಪತ್ರಗಳು ಬರತೊಡಗಿದವು. ಅವನ್ನು ಓದಿಸಲು ಬೇರೆಯವರನ್ನೇ ನೆಚ್ಚಬೇಕಾಗಿತ್ತು. ಆಗ ಅವರು ಹಝ್ರತ್ ಝೈದ್ ಬಿನ್ ಸಾಬಿತ್(ರ) ಎಂಬ ಯುವಕನಿಗೆ ಆ ಲಿಪಿಯನ್ನು ಕಲಿಯಲು ಹೇಳಿದರು. ಅರ್ಧ ತಿಂಗಳೊಳಗೆ ಅವರು ಕಲಿತರು. ಆಮೇಲೆ ಬಂದ ಪತ್ರ ಓದುವುದೂ ಹೋಗುವ ಪತ್ರ ಬರೆಯುವುದೂ ಅವರ ಕೆಲಸವಾಯಿತು. ನಮ್ಮ ಕಾಗದವನ್ನು ನಮ್ಮವರೇ ಓದಿ ತಿಳಿಯಬೇಕು ಎಂಬುದು ಈ ಘಟನೆಯ ಪಾಠ.

ಕುರ್‌ಆನಿನ ಅತಿ ದೀರ್ಘ ಆಯತ್ ಅಲ್ ಬಕರಃ ಸೂರಃದ 282ನೆಯದು. ಅದರ ವಿಷಯ ಸಾಲದ ಕರಾರನ್ನು ಬರೆದಿಡುವುದು. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆಯಲು ಬೇಸರ ಪಡಬೇಡಿ ಎಂದು ಅಲ್ಲಾಹನು ಅಲ್ಲಿ ಕಲಿಸುತ್ತಾನೆ.

ಅಲ್ ಕಸಸ್ ಸೂರಃದಲ್ಲಿ ನೌಕರಿಯದೇ ಒಂದು ಕರಾರು ಇದೆ. ಹ. ಮೂಸಾ(ಅ) ಮದ್ಯನಿಗೆ ಬಂದಾಗ ಅಲ್ಲಿನ ಹಿರಿಯರ ಮಗಳು, ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ, ಬಲವೂ ನಂಬಿಕೆಯೂ ಇರುವವರೇ ಒಳ್ಳೆಯ ಕೆಲಸಗಾರರು ಎನ್ನುತ್ತಾರೆ. ಇಂದಿನ ಜಾಹೀರಾತಿನಲ್ಲಿ ಕ್ವಾಲಿಫಿಕೇಷನ್ ಎಂದು ಬರೆಯುವುದು ಇದನ್ನೇ. ಮುಂದೆ ಅವಧಿ ಎಂಟು ವರ್ಷ ಎಂದು ನಿಗದಿಯಾಗುತ್ತದೆ. ಹತ್ತು ಪೂರ್ಣ ಮಾಡುವುದು ಮೂಸಾ(ಅ)ರ ಇಷ್ಟ. ನಿಮಗೆ ಕಷ್ಟ ಕೊಡಲು ಬಯಸುವುದಿಲ್ಲ ಎಂದು ಮಾಲೀಕರು ಮಾತು ಕೊಡುತ್ತಾರೆ. ಎರಡರಲ್ಲಿ ಯಾವ ಅವಧಿ ಮುಗಿಸಿದರೂ ನನ್ನ ಮೇಲೆ ಜುಲುಂ ಆಗಬಾರದು ಎಂದು ಮೂಸಾ(ಅ) ಹೇಳಿ, ಅಲ್ಲಾಹನನ್ನು ಸಾಕ್ಷಿ ಇಡುತ್ತಾರೆ. ಕೆಲಸ, ಕೂಲಿ, ಅವಧಿ ಮೂರೂ ಇಬ್ಬರಿಗೂ ಸ್ಪಷ್ಟ. ಫಿಕ್ಹ್‌ನಲ್ಲಿ ಇಜಾರಾ ಎನ್ನುವ ಅಧ್ಯಾಯ ಕೇಳುವುದೂ ಇದನ್ನೇ: ಯಾವ ಕೆಲಸ, ಎಷ್ಟು ಕೂಲಿ ಎಂಬುದು ಮೊದಲೇ ಗೊತ್ತಿರಬೇಕು. ಅರ್ಥವಾಗದ ಭಾಷೆಯಲ್ಲಿ ಬರೆದದ್ದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದರೆ ಇದರಲ್ಲಿ ಒಂದೂ ಗೊತ್ತಾದಂತಾಗಲಿಲ್ಲ.

ಅಜ್ಜಂದಿರು ಕಲಿತ ಹಾಗೆ

ಇಂಗ್ಲಿಷ್ ನಮಗೆ ಬಾರದು ಎಂದು ಹೆದರುವವರಿಗೆ ಒಂದು ಮಾತು. ಅರ್ಜಿ, ಹಾಜರಿ, ಕರಾರು, ಹುದ್ದೆ, ವಜಾ, ಖಾಯಂ – ಇವೆಲ್ಲ ಅರಬಿಯಿಂದ ಬಂದ ಪದಗಳು. ನೌಕರಿ, ಗುಮಾಸ್ತ, ಕಾರ್ಖಾನೆ ಫಾರ್ಸಿಯವು. ಬಿಜಾಪುರದ ಆದಿಲ್‌ಶಾಹಿ, ಶಿರಾದ ಮೊಘಲ್ ಸುಬಾ, 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರ್ ಅಲಿಯ ಆಡಳಿತ – ಇಂಥ ಕಚೇರಿಗಳ ಮೂಲಕ ಈ ಪದಗಳು ನಮ್ಮ ಸೀಮೆಯಲ್ಲಿ ನೆಲೆಯಾದವು. ಅಂದಿನ ರೈತನಿಗೂ ನೇಕಾರನಿಗೂ ಅವು ಪರಭಾಷೆಯ ಪದಗಳೇ. ಕಚೇರಿಗೆ ಹೋಗಿ ಬಂದು ಕಲಿತರು. ಇಂದು ರಾಮಗಿರಿಯ ಸಂತೆಯಲ್ಲಿ ಯಾರೂ ಅವನ್ನು ಪರಭಾಷೆ ಎನ್ನುವುದಿಲ್ಲ. ಹಾಗಾಗಿ ಈ ಹಳೆಯ ಪದಗಳನ್ನೇ ಹಿಡಿದು ಹೊಸ ಪದಗಳನ್ನು ತಿಳಿಯೋಣ.

ಕೆಲಸ ಹುಡುಕುವಾಗ

ವೇಕೆನ್ಸಿ ಎಂದರೆ ಖಾಲಿ ಹುದ್ದೆ. ಅಪ್ಲಿಕೇಷನ್ ಎಂದರೆ ಅರ್ಜಿ. ರೆಸ್ಯೂಮೆ ಎಂದರೆ ನಿಮ್ಮ ಓದು, ಅನುಭವ ಬರೆದ ಒಂದೆರಡು ಹಾಳೆ; ಹಿಂದೆ ಬಯೋಡೇಟಾ ಎನ್ನುತ್ತಿದ್ದೆವು. ಅದರಲ್ಲಿ ಇಲ್ಲದ ಅನುಭವ ಬರೆಯುವುದು ಸುಳ್ಳು ಸಾಕ್ಷಿಗೆ ಸಮ, ನೆನಪಿರಲಿ. ಫ್ರೆಶರ್ ಎಂದರೆ ಅನುಭವ ಇಲ್ಲದ ಹೊಸಬ. ವಾಕ್-ಇನ್ ಎಂದರೆ ಮುಂಚಿತವಾಗಿ ಅರ್ಜಿ ಹಾಕದೆ ಹೇಳಿದ ದಿನ ನೇರವಾಗಿ ಸಂದರ್ಶನಕ್ಕೆ ಹೋಗುವುದು.

ಆಫರ್ ಲೆಟರ್ ಮತ್ತು ಅಪಾಯಿಂಟ್‌ಮೆಂಟ್ ಲೆಟರ್ ಒಂದೇ ಅಲ್ಲ. ಆಫರ್ ಲೆಟರ್ ಎಂದರೆ "ನಿಮಗೆ ಕೆಲಸ ಕೊಡಲು ಸಿದ್ಧರಿದ್ದೇವೆ" ಎಂಬ ಮಾತು. ಅಪಾಯಿಂಟ್‌ಮೆಂಟ್ ಲೆಟರ್ ಎಂದರೆ ನೇಮಕದ ಕರಾರು. ಎಲ್ಲ ಷರತ್ತುಗಳು ಇರುವುದು ಅದರಲ್ಲೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಕಾರ್ಮಿಕರಿಗೆ ನೇಮಕ ಪತ್ರ ಕೊಡುವುದು ಮಾಲೀಕನ ಹೊಣೆ. ಕೇಳಿ ಪಡೆಯಿರಿ.

ರಿಜಿಸ್ಟ್ರೇಷನ್ ಫೀ, ಸೆಕ್ಯೂರಿಟಿ ಡಿಪಾಸಿಟ್ ಎಂದು ಕೆಲಸ ಕೊಡುವ ಮೊದಲೇ ಫೋನಿನಲ್ಲಿ ಹಣ ಕೇಳಿದರೆ ಅನುಮಾನ ಪಡಿ. ಬಾಂಡ್ ಎಂದರೆ ಇಷ್ಟು ವರ್ಷ ಬಿಟ್ಟು ಹೋಗುವುದಿಲ್ಲ, ಹೋದರೆ ಇಷ್ಟು ಹಣ ಕಟ್ಟುತ್ತೇನೆ ಎಂಬ ಮುಚ್ಚಳಿಕೆ. ಮೊತ್ತ ನೋಡದೆ ಸಹಿ ಬೇಡ. ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿ ಯಾರ ಕೈಗೂ ಬಿಟ್ಟು ಬರಬೇಡಿ. ತೋರಿಸಿ, ನಕಲು ಕೊಡಿ.

ನೀವು ಯಾವ ಲೆಕ್ಕದಲ್ಲಿ ಕೆಲಸಕ್ಕಿದ್ದೀರಿ?

ಅಪ್ರೆಂಟಿಸ್ ಎಂದರೆ ಕೆಲಸ ಕಲಿಯುವವನು. 1961ರ ಕಾನೂನಿನ ಪ್ರಕಾರ ಅವನಿಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡ್, ಅಂದರೆ ಕಲಿಕೆಯ ಭತ್ಯೆ. ಕಲಿಕೆ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ನಿಯಮ ಸಾಮಾನ್ಯವಾಗಿ ಇಲ್ಲ. ಪ್ರೊಬೇಷನ್ ಎಂದರೆ ನೌಕರಿಗೆ ಸೇರಿದ ಮೇಲಿನ ಪರೀಕ್ಷಾ ಅವಧಿ. ಆರು ತಿಂಗಳು ಎಂದೋ ವರ್ಷ ಎಂದೋ ಪತ್ರದಲ್ಲಿ ಬರೆದಿರುತ್ತದೆ. ಅದು ಮುಗಿದ ಮೇಲೆ ಕನ್ಫರ್ಮೇಷನ್ ಎಂಬ ಕಾಗದ ಬರಬೇಕು. ಬಂದರೆ ನೀವು ಪರ್ಮನೆಂಟ್, ಅಂದರೆ ಖಾಯಂ.

ಫಿಕ್ಸೆಡ್ ಟರ್ಮ್ ಎಂದರೆ ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ. ಕಾಂಟ್ರಾಕ್ಟ್ ಲೇಬರ್ ಎಂದರೆ ನೀವು ಬೆವರು ಸುರಿಸುವುದು ದೊಡ್ಡ ಕಂಪನಿಯ ಗೇಟಿನೊಳಗೆ, ಆದರೆ ನಿಮ್ಮ ಮಾಲೀಕ ಗೇಟಿನ ಹೊರಗಿರುವ ಗುತ್ತಿಗೆದಾರ. ಮಗ ದೊಡ್ಡ ಕಂಪನಿಯಲ್ಲಿ ಇದ್ದಾನೆ ಎಂದು ಹೆಮ್ಮೆ ಪಡುವ ಮೊದಲು ಸಂಬಳದ ಚೀಟಿಯ ಮೇಲೆ ಯಾರ ಹೆಸರಿದೆ ನೋಡಿ.

ಪೀಸ್ ರೇಟ್ ಎಂದರೆ ಎಣಿಕೆಯ ಕೂಲಿ. ದಾವಣಗೆರೆ, ಚನ್ನಗಿರಿಯಲ್ಲಿ ಬೀಡಿ ಕಟ್ಟುವ ನಮ್ಮ ತಾಯಂದಿರಿಗೆ ಈ ಪದ ಗೊತ್ತಿಲ್ಲದಿದ್ದರೂ ಅರ್ಥ ಚೆನ್ನಾಗಿ ಗೊತ್ತು: ಸಾವಿರಕ್ಕೆ ಇಷ್ಟು ಎಂಬ ಲೆಕ್ಕ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಟಾರ್ಗೆಟ್ ಎಂಬ ಪದ ಕೇಳುತ್ತಾರೆ. ಗಂಟೆಗೆ ಇಷ್ಟು ಪೀಸ್ ಮುಗಿಸಬೇಕೆಂಬ ಗುರಿ.

ಇತ್ತೀಚೆಗೆ ಪೇಟೆಗಳಲ್ಲಿ ಊಟ, ಸಾಮಾನು ತಲುಪಿಸುವ ಹುಡುಗರಿಗೆ ಡೆಲಿವರಿ ಪಾರ್ಟ್‌ನರ್ ಎನ್ನುತ್ತಾರೆ. ಪಾರ್ಟ್‌ನರ್ ಎಂದರೆ ಪಾಲುದಾರ. ಫಿಕ್ಹ್‌ನಲ್ಲಿ ಶಿರ್ಕತ್ ಎಂದರೆ ಲಾಭದಲ್ಲೂ ಪಾಲು, ನಷ್ಟದಲ್ಲೂ ಪಾಲು. ಇಲ್ಲಿ ಹುಡುಗನಿಗೆ ಲಾಭದ ಪಾಲಿಲ್ಲ. ಪೆಟ್ರೋಲು, ಬೈಕಿನ ರಿಪೇರಿ ಮಾತ್ರ ಅವನದು. ಆ ಹೆಸರಿನ ಅರ್ಥ ಇಷ್ಟೇ: ಕಂಪನಿ ಅವನನ್ನು ತನ್ನ ನೌಕರ ಎಂದು ಒಪ್ಪಿಲ್ಲ. ಇಂಥವರನ್ನು ಗಿಗ್ ವರ್ಕರ್ ಎನ್ನುತ್ತಾರೆ. ಇವರ ಸಾಮಾಜಿಕ ಭದ್ರತೆಗಾಗಿ ನಮ್ಮ ರಾಜ್ಯ 2025ರಲ್ಲಿ ಪ್ರತ್ಯೇಕ ಕಾನೂನು ಮಾಡಿದೆ.

ಸಿಟಿಸಿಯ ಲೆಕ್ಕ

ಸಿಟಿಸಿ ಎಂದರೆ ಕಾಸ್ಟ್ ಟು ಕಂಪನಿ. ಒಬ್ಬ ನೌಕರನಿಗಾಗಿ ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ಖರ್ಚು. ಅದು ನೌಕರನ ಕೈಗೆ ಬರುವ ಹಣವಲ್ಲ. ನಾನು ಎಡವಿದ ಆ ಕಾಗದದ ತಿಂಗಳ 20,000 ಹೀಗಿತ್ತು:

ಬೇಸಿಕ್, ಅಂದರೆ ಮೂಲ ವೇತನ – 12,000
ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ – 4,448
ಕಂಪನಿ ಕಟ್ಟುವ ಪಿಎಫ್ – 1,440
ಕಂಪನಿ ಕಟ್ಟುವ ಇಎಸ್‌ಐ – 535
ಗ್ರಾಚ್ಯುಟಿಗಾಗಿ ಎತ್ತಿಡುವುದು – 577
ವರ್ಷಕ್ಕೊಮ್ಮೆ ಕೊಡುವ ಬೋನಸ್ಸಿನ ತಿಂಗಳ ಪಾಲು – 1,000

ಮೊದಲ ಎರಡು ಸೇರಿ 16,448. ಇದು ಗ್ರಾಸ್, ಅಂದರೆ ಕಡಿತಕ್ಕೆ ಮೊದಲಿನ ಸಂಬಳ. ಇದರಲ್ಲಿ ನೌಕರನ ಪಾಲಿನ ಪಿಎಫ್ 1,440 ಮತ್ತು ಇಎಸ್‌ಐ 124 ಹಿಡಿದರೆ ಉಳಿದದ್ದು 14,884. ಇದು ನೆಟ್, ಟೇಕ್ ಹೋಮ್, ಮನೆಗೆ ಬರುವ ಹಣ. ಸಾಲ, ಚೀಟಿ, ನಿಕಾಹ್ ಖರ್ಚು ಯಾವುದನ್ನೂ ನೆಟ್ ಮೇಲೆ ಲೆಕ್ಕ ಹಾಕಿ, ಸಿಟಿಸಿ ಮೇಲೆ ಹಾಕಬೇಡಿ.

ಕಡಿತವಾದ ಹಣ ಕಳೆದುಹೋದ ಹಣವಲ್ಲ ಎಂಬುದೂ ತಿಳಿದಿರಲಿ. ಪಿಎಫ್ ಎಂದರೆ 1952ರ ಕಾನೂನಿನಿಂದ ಬಂದ ಭವಿಷ್ಯ ನಿಧಿ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅನ್ವಯ. ನೌಕರ ಶೇ. 12 ಕಟ್ಟಿದರೆ ಮಾಲೀಕನೂ ಶೇ. 12 ಕಟ್ಟಬೇಕು. ಮಾಲೀಕನ ಪಾಲಿನಲ್ಲಿ ಶೇ. 8.33 ಪಿಂಚಣಿ ಖಾತೆಗೆ ಹೋಗುತ್ತದೆ. ತಿಂಗಳ ಪಿಂಚಣಿ ಸಿಗಲು 10 ವರ್ಷದ ಸೇವೆ ಬೇಕು. ಯುಎಎನ್ ಎಂಬ 12 ಅಂಕಿಯ ಸಂಖ್ಯೆ ಜೀವನಪೂರ್ತಿ ಒಂದೇ. ಕಂಪನಿ ಬದಲಾದಾಗ ಹಳೆಯ ಸಂಖ್ಯೆಯನ್ನೇ ಕೊಡಿ. ಹಣ ಕಿತ್ತುಕೊಳ್ಳದೆ ವರ್ಗಾಯಿಸಿದರೆ ಸೇವೆಯ ವರ್ಷಗಳೂ ಕೂಡುತ್ತವೆ.

ಪಿಎಫ್ ಮೇಲೆ ಸೇರುವ ಬಡ್ಡಿ ಹಲಾಲೇ ಎಂದು ಹಲವರು ಕೇಳುತ್ತಾರೆ. ಕೈಗೆ ಬರುವ ಮೊದಲೇ ಕಡ್ಡಾಯವಾಗಿ ಕಡಿತವಾಗುವ ಹಣದ ಮೇಲೆ ಸೇರುವುದನ್ನು, ಹೆಸರು ಬಡ್ಡಿ ಎಂದಿದ್ದರೂ, ವೇತನದ್ದೇ ಭಾಗವೆಂದು ನಮ್ಮ ಅನೇಕ ಮುಫ್ತಿಗಳು ಪರಿಗಣಿಸಿದ್ದಾರೆ. ಆದರೆ ಸ್ವಂತ ಇಚ್ಛೆಯಿಂದ ಹೆಚ್ಚು ಹಣ ತೊಡಗಿಸುವ ವಿಷಯ ಬೇರೆ. ಅದರಲ್ಲಿ ಎಚ್ಚರ ಇರಲಿ, ನಿಮ್ಮ ಆಲಿಮರಲ್ಲಿ ಕೇಳಿ.

ಇಎಸ್‌ಐ 1948ರ ಕಾನೂನಿನಿಂದ ಬಂದ ಕಾರ್ಮಿಕರ ರಾಜ್ಯ ವಿಮೆ. ತಿಂಗಳ ವೇತನ 21,000ದವರೆಗೆ ಇರುವವರಿಗೆ ಸಿಗುತ್ತದೆ. ನೌಕರನ ಪಾಲು ಶೇ. 0.75, ಮಾಲೀಕನದು ಶೇ. 3.25. ಹೆಂಡತಿ ಮಕ್ಕಳಿಗೂ ಅವಲಂಬಿತ ತಂದೆ ತಾಯಿಗೂ ಚಿಕಿತ್ಸೆ ಇದೆ. ಕಾಯಿಲೆಯಿಂದ ರಜಾ ಹಾಕಿದರೆ ನಿಯಮದಂತೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70 ಸಿಗುತ್ತದೆ. ಕಾರ್ಡು ಮಾಡಿಸಿ ಮನೆಯವರ ಹೆಸರು ಸೇರಿಸದೆ, ಹುಷಾರು ತಪ್ಪಿದಾಗ ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಹೋದವರನ್ನು ನಾನು ನೋಡಿದ್ದೇನೆ.

ಗ್ರಾಚ್ಯುಟಿ ಎಂದರೆ ದೀರ್ಘ ಸೇವೆಗೆ ಬಿಡುವಾಗ ಕೊಡುವ ಹಣ. ಸಾಮಾನ್ಯವಾಗಿ ಐದು ವರ್ಷ ಸತತ ಸೇವೆ ಬೇಕು. ಫಿಕ್ಸೆಡ್ ಟರ್ಮ್ ನೌಕರರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ಮೂಲ ವೇತನ 12,000 ಇದ್ದವನಿಗೆ ಐದು ವರ್ಷಕ್ಕೆ ಸುಮಾರು 34,615 ರೂಪಾಯಿ. ನಾಲ್ಕನೆಯ ವರ್ಷದಲ್ಲಿ ಸಿಟ್ಟಿಗೆ ಕೆಲಸ ಬಿಡುವವರು ಈ ಲೆಕ್ಕ ಒಮ್ಮೆ ನೋಡಲಿ.

ಇನ್ನೆರಡು ಪದ. ಎಲ್‌ಒಪಿ ಎಂದರೆ ಲಾಸ್ ಆಫ್ ಪೇ, ಬಾರದ ದಿನಕ್ಕೆ ಸಂಬಳ ಇಲ್ಲ. ಓಟಿ ಎಂದರೆ ಓವರ್‌ಟೈಮ್, ಹೆಚ್ಚಿನ ಗಂಟೆಗಳ ದುಡಿಮೆ. ಕಾರ್ಖಾನೆಗಳಲ್ಲಿ ಅದಕ್ಕೆ ಎರಡು ಪಟ್ಟು ದರ ಕೊಡಬೇಕೆಂದು ಕಾನೂನಿದೆ.

ಬಿಡುವಾಗ: ರಾಜೀನಾಮೆ ಮತ್ತು ವಜಾ

ಹೆಚ್ಚು ಮನೆಗಳು ನಷ್ಟ ಅನುಭವಿಸುವುದು ಇಲ್ಲಿ. ರೆಸಿಗ್ನೇಷನ್ ಎಂದರೆ ರಾಜೀನಾಮೆ. ಟರ್ಮಿನೇಷನ್ ಎಂದರೆ ವಜಾ. ರಿಟ್ರೆಂಚ್‌ಮೆಂಟ್ ಎಂದರೆ ನಿಮ್ಮ ತಪ್ಪಿಲ್ಲದಿದ್ದರೂ ಕೆಲಸ ಕಡಿಮೆಯಾಗಿದೆ ಎಂದು ಆಳು ಕಡಿಮೆ ಮಾಡುವುದು.

ರಾಜೀನಾಮೆ ಎಂಬ ಪದವನ್ನು ಬಿಡಿಸಿ ನೋಡಿ. ರಾಝಿ ಎಂದರೆ ಒಪ್ಪಿದವನು. ನಾಮಾ ಎಂದರೆ ಪತ್ರ. ಮನಸ್ಸಿನಿಂದ ಒಪ್ಪಿ ಬರೆದುಕೊಡುವ ಪತ್ರ. ರಝಾ ಎಂಬ ಅದೇ ಮೂಲದಿಂದ ನಮ್ಮ ರಜಾ ಎಂಬ ಪದವೂ ಬಂದಿದೆ. ಒಪ್ಪಿಗೆ ಇಲ್ಲದ ಕಡೆ ರಾಜೀನಾಮೆ ಇಲ್ಲ.

ನಮ್ಮ ಇನ್ನೊಬ್ಬ ಹುಡುಗನನ್ನು ಒಂದು ಸಂಜೆ ಆಫೀಸಿಗೆ ಕರೆದು, "ಆರ್ಡರ್ ಇಲ್ಲ, ನಾಳೆಯಿಂದ ಬರಬೇಡ, ಇಲ್ಲಿ ಸಹಿ ಹಾಕಿ ಬಾಕಿ ಸಂಬಳ ತಗೊ" ಎಂದರು. ಸಂಬಳದ ರಸೀದಿ ಎಂದುಕೊಂಡು ಹಾಕಿದ. ಫೋನಿನಲ್ಲಿ ತೆಗೆದುಕೊಂಡ ಆ ಹಾಳೆಯ ಚಿತ್ರವನ್ನು ನನಗೆ ತೋರಿಸಿದ. ವೈಯಕ್ತಿಕ ಕಾರಣದಿಂದ ಸ್ವ-ಇಚ್ಛೆಯಿಂದ ರೆಸೈನ್ ಮಾಡುತ್ತಿದ್ದೇನೆ, ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಪಡೆದಿದ್ದೇನೆ ಎಂದು ಅದರಲ್ಲಿತ್ತು. ಫುಲ್ ಅಂಡ್ ಫೈನಲ್ ಎಂದರೆ ಇನ್ನು ಕೊಡುವುದೂ ತೆಗೆದುಕೊಳ್ಳುವುದೂ ಏನೂ ಇಲ್ಲ ಎಂಬ ಅರ್ಥ. ಒಂದು ವರ್ಷ ಸತತ ದುಡಿದ ಕಾರ್ಮಿಕನನ್ನು ಹಾಗೆ ಕೆಲಸದಿಂದ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ಅವನು ಮೂರು ವರ್ಷ ದುಡಿದಿದ್ದ. ಒಂದು ಸಹಿ ಆ ಹಕ್ಕಿನ ಬಾಗಿಲು ಮುಚ್ಚಿತು. ಅವನ ಒಪ್ಪಿಗೆಯೇ ಇಲ್ಲದ ರಾಜೀನಾಮೆ ಅದು.

ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ ದಿನ ನಾನೇ ವಾದಿಯಾಗುತ್ತೇನೆ ಎಂದು ಅಲ್ಲಾಹನು ಎಚ್ಚರಿಸಿರುವುದು ಬುಖಾರಿಯ ಹದೀಸ್ ಕುದ್ಸಿಯಲ್ಲಿದೆ. ಆದರೂ ನಮ್ಮ ಕಡೆಯ ಎಚ್ಚರ ನಾವು ವಹಿಸಬೇಕು. ಅರ್ಥವಾಗದ ಹಾಳೆ ಬಂದರೆ "ಮನೆಯಲ್ಲಿ ಓದಿಸಿಕೊಂಡು ಬರುತ್ತೇನೆ ಸಾರ್" ಎನ್ನಿ. ಹೀಗೆನ್ನುವುದು ಬೇಅದಬಿ ಅಲ್ಲ.

ನೋಟಿಸ್ ಪೀರಿಯಡ್ ಎಂದರೆ ಬಿಡುವ ಮುನ್ನ ತಿಳಿಸಿ ದುಡಿಯಬೇಕಾದ ದಿನಗಳು. ಹೇಳದೆ ಕೇಳದೆ ಊರಿಗೆ ಬಂದುಬಿಡುವುದನ್ನು ಆಬ್ಸ್‌ಕಾಂಡಿಂಗ್ ಎಂದು ಬರೆಯುತ್ತಾರೆ, ಅಂದರೆ ಪರಾರಿ. ಅದು ಮಾತಿಗೆ ತಪ್ಪಿದಂತೆ. ಮುಂದಿನ ಕೆಲಸಕ್ಕೂ ಕಲ್ಲು. ಬಿಡುವಾಗ ರಿಲೀವಿಂಗ್ ಲೆಟರ್ ಮತ್ತು ಎಕ್ಸ್‌ಪೀರಿಯನ್ಸ್ ಲೆಟರ್ ಕೇಳಿ ಪಡೆಯಿರಿ. ಮೊದಲನೆಯದು ಬಿಡುಗಡೆಯ ಪತ್ರ, ಎರಡನೆಯದು ಅನುಭವದ ಪ್ರಮಾಣ.

ಗಲ್ಫಿಗೆ ಹೋಗುವವರು

ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದಿದ್ದರೆ, ಸೌದಿ, ಯುಎಇ, ಕತಾರ್, ಕುವೈತ್ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದ ಎಮಿಗ್ರೇಷನ್ ಅನುಮತಿ ಬೇಕು. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಈ ಮುದ್ರೆ ಇರುತ್ತದೆ. ಇದು ಅಡ್ಡಿಯಲ್ಲ, ರಕ್ಷಣೆ. ವಿಸಿಟ್ ವೀಸಾ ಎಂದರೆ ನೋಡಿ ಬರುವ ವೀಸಾ. ಅದರಲ್ಲಿ ಕೆಲಸ ಮಾಡಿದರೆ ಅಲ್ಲಿ ಅಪರಾಧಿಯಾಗುತ್ತೀರಿ. ಎಂಪ್ಲಾಯ್‌ಮೆಂಟ್ ವೀಸಾ ಇದೆಯೇ ನೋಡಿ. ಏಜೆಂಟ್ ಸರ್ಕಾರದಲ್ಲಿ ನೋಂದಾಯಿತನೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಪರೀಕ್ಷಿಸಬಹುದು. ಅವನು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ.

ನಮ್ಮಲ್ಲೂ ಮಾಲೀಕರಿದ್ದಾರೆ

ಗ್ಯಾರೇಜ್, ಅಂಗಡಿ, ಅಡಿಕೆ ವ್ಯಾಪಾರ, ಗಾರೆ ಕೆಲಸದ ಗುತ್ತಿಗೆ ಮಾಡುವ ಸಹೋದರರು ನಮ್ಮ ಜಮಾಅತಿನಲ್ಲೂ ಇದ್ದಾರೆ. ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಹದೀಸನ್ನು ಬೇರೆ ಮಾಲೀಕರಿಗೆ ಓದಿ ಹೇಳುವ ಮೊದಲು ನಮ್ಮ ಅಂಗಡಿಯಲ್ಲಿರುವ ಹುಡುಗನ ಸಂಬಳ ಎಷ್ಟು, ರಜಾ ಎಷ್ಟು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಡೋಣ. ಈ ಖುತ್ಬಾದ ಮರುವಾರ ನಮ್ಮ ಮಸೀದಿ ಕಮಿಟಿಯವರು ಮುಅಝ್ಝಿನ್ ಸಾಹೇಬರ ಸಂಬಳ ಮತ್ತು ರಜೆಯನ್ನು ಮೊದಲ ಬಾರಿಗೆ ಬರಹದಲ್ಲಿ ಕೊಟ್ಟರು. ಅಲ್ಹಮ್ದುಲಿಲ್ಲಾಹ್.

ಮನೆಯಲ್ಲಿ ಮಾಡಬೇಕಾದ್ದು

ಮಗನಿಗಾಗಲಿ ಮಗಳಿಗಾಗಲಿ ಕೆಲಸದ ಕಾಗದ ಬಂದ ದಿನ ಐದು ಪ್ರಶ್ನೆ ಕೇಳಿ. ನೆಟ್ ಎಷ್ಟು? ಮಾಲೀಕ ಕಂಪನಿಯೋ ಗುತ್ತಿಗೆದಾರನೋ? ಪ್ರೊಬೇಷನ್ ಎಷ್ಟು ದಿನ? ನೋಟಿಸ್ ಎಷ್ಟು ದಿನ? ಪಿಎಫ್, ಇಎಸ್‌ಐ ಇದೆಯೇ? ಜುಮಾ ನಮಾಝಿಗೆ ಬಿಡುವು ಉಂಟೇ ಎಂಬುದನ್ನೂ ಸೇರುವ ಮೊದಲೇ ಮರ್ಯಾದೆಯಿಂದ ಕೇಳಿಕೊಳ್ಳಿ. ಎಲ್ಲ ಕಾಗದಗಳ ನಕಲು ಒಂದು ಫೈಲಿನಲ್ಲಿರಲಿ. ಕಾಲೇಜಿಗೆ ಹೋಗುವ ಹೆಣ್ಣುಮಗಳು ಮನೆಯಲ್ಲಿದ್ದರೆ ಓದುವ ಹೊಣೆ ಅವಳಿಗೆ ಕೊಡಿ. ನಮಗಿಂತ ಚೆನ್ನಾಗಿ ಓದುತ್ತಾಳೆ.

ಯಾರೂ ಇಲ್ಲದಿದ್ದರೆ ಭಾನುವಾರ ಝುಹರ್ ನಂತರ ಮದ್ರಸಾಕ್ಕೆ ತನ್ನಿ. ಕೂತು ಓದೋಣ. ಗೊತ್ತಿರುವುದನ್ನು ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ, ತಿಳಿದವರಲ್ಲಿ ಕೇಳಿ ಹೇಳುತ್ತೇನೆ. ಆ ತಂದೆ ಈಗಲೂ ಮೊದಲ ಸಫ್‌ನಲ್ಲೇ ನಿಲ್ಲುತ್ತಾರೆ. ಕಳೆದ ತಿಂಗಳು ಕಿರಿಯ ಮಗನ ಕಾಗದವನ್ನೂ ನನ್ನ ಹತ್ತಿರವೇ ತಂದರು. ಈ ಸಲ ನಾಲ್ಕೂ ಹಾಳೆಯನ್ನು ಕೊನೆಯ ಸಾಲಿನವರೆಗೆ ಓದಿ, ನೆಟ್ ಎಷ್ಟೆಂದು ಬರೆದುಕೊಟ್ಟೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಹಲಾಲ್ ರಿಝ್ಕ್ ನೀಡಲಿ, ದುಡಿದ ಕೈಗಳ ಹಕ್ಕು ಅವರಿಗೆ ತಲುಪುವಂತೆ ಮಾಡಲಿ, ಸಲಹೆ ಕೊಡುವ ನಾಲಿಗೆಗಳಿಗೆ ಅಮಾನತಿನ ಭಯ ನೀಡಲಿ. ಆಮೀನ್.